ಕುಲಾವಿ ತೊಟ್ಟ ಹಾರ್ಡ್ ಡಿಸ್ಕಿನ ಜೊತೆ ವಿಯೆಟ್ನಾಂಗೆ

ಜಯನಗರ

ವಿಯೆಟ್ನಾಂ ಹೇಗಿತ್ತು ಎಂದು ಈಗಲೂ ಜನ ಕೇಳುತ್ತಾರೆ. ಚೆನ್ನಾಗಿತ್ತು ಎನ್ನುತ್ತೇನೆ. ಹಾಗಾದರೆ ಫೋಟೊ ತೋರಿಸಿ ಎನ್ನುತ್ತಾರೆ. ಅಲ್ಲಿಗೆ ನನ್ನ ಸಹನೆ ಮುಗಿಯುತ್ತದೆ. ಫೋಟೊ ಇಲ್ಲ. ಇಡೀ ಗುಂಪಿನ ಫೋಟೊ, ವೀಡಿಯೊ ಬಹುಪಾಲು ಒಂದು ಹಾರ್ಡ್ ಡಿಸ್ಕಿನೊಳಗಿತ್ತು. ಅದನ್ನು ಕಾಪಾಡಲು ನಮ್ಮವರು ಎಷ್ಟು ಕಷ್ಟಪಟ್ಟರೆಂದರೆ, ಆ ಕಷ್ಟದಿಂದಲೇ ಅದು ಸತ್ತುಹೋಯಿತು.

ನಾವು ಹೋದದ್ದು ಜೆ.ಪಿ. ನಗರದ ಒಂದು ಪಾರ್ಕಿನಲ್ಲಿ ಬೆಳಿಗ್ಗೆ ವಾಕಿಂಗ್ ಮಾಡುವವರ ಗುಂಪಾಗಿ. ಬಹುಪಾಲು ಅರವತ್ತು ದಾಟಿದವರು. ಜೊತೆಗೆ ಇಬ್ಬರು ಅಡುಗೆಯವರು, ಅವರ ಜೊತೆಗೆ ಹುಳಿಪುಡಿ, ಉಪ್ಪಿನಕಾಯಿ, ಹಪ್ಪಳ ಮತ್ತು ಸೋನಾ ಮಸೂರಿ ಅಕ್ಕಿ. ಅಕ್ಕಿ ಬೆಳೆಯುವುದರಲ್ಲಿ ಹೆಸರು ಮಾಡಿದ ದೇಶಕ್ಕೆ ಅಕ್ಕಿ ಹೊತ್ತುಕೊಂಡು ಹೋದ ಜನ ನಾವು. ಇದರ ಮೇಲೆ ನಮ್ಮ ಬುದ್ಧಿಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ.

ನಾನು ಕಾಲೇಜೊಂದರಲ್ಲಿ ಬಹಳ ವರ್ಷ ಕಂಪ್ಯೂಟರ್ ಪಾಠ ಮಾಡಿ ನಿವೃತ್ತಳಾದವಳು. ಈ ಒಂದು ಪಾಪಕ್ಕೆ ಪಾರ್ಕಿನಲ್ಲಿ ಯಾರ ಫೋನು ಕೈಕೊಟ್ಟರೂ ನನ್ನ ಹತ್ತಿರ ತರುತ್ತಾರೆ. ನಡೆಯಲು ಹೋದವಳು ಬೆಂಚಿನ ಮೇಲೆ ಕೂತು ಇನ್ನೊಬ್ಬರ ಪಾಸ್‌ವರ್ಡ್ ಹುಡುಕಿಕೊಡುವುದೇ ಆಗಿದೆ. ಹೀಗಾಗಿ ಹೊರಡುವ ಮುಂಚೆ ಮಹದೇವಪ್ಪನವರು ನನ್ನ ಬೆಂಚಿನ ಹತ್ತಿರ ಬಂದು ನಿಂತಾಗ ನನಗೇನೂ ಆಶ್ಚರ್ಯವಾಗಲಿಲ್ಲ.

ಮಹದೇವಪ್ಪ ಬನಶಂಕರಿಯಲ್ಲಿ ಬಟ್ಟೆ ಅಂಗಡಿ ನಡೆಸಿ ಈಗ ಅಳಿಯನಿಗೆ ವಹಿಸಿಕೊಟ್ಟಿರುವವರು. ಹಣೆ ತುಂಬ ವಿಭೂತಿ, ಮಾತು ಕಡಿಮೆ. ನಿಜ ಹೇಳಬೇಕೆಂದರೆ ಈ ಪ್ರವಾಸ ಹೊರಟದ್ದೇ ಅವರ ಹೆಂಡತಿ ಗಿರಿಜಮ್ಮನಿಂದ. ಒಬ್ಬೊಬ್ಬರ ಹಿಂದೆ ಬಿದ್ದು, ಪಾಸ್‌ಪೋರ್ಟ್ ಮಾಡಿಸಿ, ಗುಂಪು ಕಟ್ಟಿದ್ದು ಆಕೆ. ಹೊರಡುವ ತಿಂಗಳ ಮುಂಚೆ ಬಚ್ಚಲುಮನೆಯಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಆಪರೇಷನ್ ಆಯಿತು. ತಿಪಟೂರಿನಿಂದ ತಂಗಿಯನ್ನು ಕರೆಸಿಕೊಂಡು, ಗಂಡನಿಗೆ "ನೀವು ಹೋಗ್ಬನ್ನಿ" ಎಂದು ಹೇಳಿದರು.

"ಮೇಡಂ, ಗಿರಿಜಂಗೆ ಒಂದೂ ಮಿಸ್ ಆಗ್ಬಾರ್ದು. ಎಲ್ಲಾ ವೀಡಿಯೊ ಮಾಡ್ಕೊಂಡ್ ಬರ್ತೀನಿ. ನನ್ ಫೋನು ಎರಡು ದಿನಕ್ಕೇ ತುಂಬ್ ಹೋಗುತ್ತೆ. ನೀವು ಅದೇನೋ ಡಿಸ್ಕ್ ಇಟ್ಕೊಂಡಿದೀರಲ್ಲ, ಅದನ್ನ ತರ್ತೀರಾ?"

ಇಲ್ಲ ಎನ್ನಲಾಗಲಿಲ್ಲ. ನನ್ನ ಹತ್ತಿರ ಇದ್ದದ್ದು ಹಳೆಯ ಜಾತಿಯದು, ಒಳಗೆ ತಟ್ಟೆ ತಿರುಗುವಂಥದ್ದು. ತಿರುಗುವ ತಟ್ಟೆಗೆ ತಾಗಿಯೂ ತಾಗದ ಹಾಗೆ ಒಂದು ಸಣ್ಣ ಕಡ್ಡಿ ಓಡಾಡುತ್ತಿರುತ್ತದೆ. ಏಟು ಬಿದ್ದು ಆ ಕಡ್ಡಿ ತಟ್ಟೆಗೆ ತಾಗಿದರೆ ಕಥೆ ಮುಗಿಯಿತು. ಜಯನಗರ ನಾಲ್ಕನೇ ಬ್ಲಾಕಿನ ಅಂಗಡಿಯಲ್ಲಿ ಜಿಪ್ ಇರುವ ಗಟ್ಟಿ ಪೆಟ್ಟಿಗೆಯೊಂದನ್ನು ಕೊಂಡೆ. ಒಳಗೆ ಸ್ಪಂಜು, ಹೊರಗೆ ಗಡಸು ಚಿಪ್ಪು. ಅಷ್ಟು ಸಾಕಾಗಿತ್ತು. ಈಗಲೂ ಹೇಳುತ್ತೇನೆ, ಅಷ್ಟೇ ಸಾಕಾಗಿತ್ತು.

ಹನೋಯ್

ಹನೋಯ್‌ನಲ್ಲಿ ರಸ್ತೆ ದಾಟುವುದಕ್ಕೆ ಒಂದು ಕ್ರಮವಿದೆ. ಸ್ಕೂಟರುಗಳು ಒಂದೇ ಸಮನೆ ಬರುತ್ತಿರುತ್ತವೆ, ನಿಲ್ಲುವುದಿಲ್ಲ. ನೀವು ಇಳಿದು ನಿಧಾನವಾಗಿ ನಡೆಯುತ್ತಾ ಹೋಗಬೇಕು. ಅವರೇ ನಿಮ್ಮ ಸುತ್ತ ಬಳಸಿಕೊಂಡು ಹೋಗುತ್ತಾರೆ. ಓಡಬಾರದು, ನಿಲ್ಲಬಾರದು, ಹಿಂದಕ್ಕಂತೂ ತಿರುಗಲೇಬಾರದು. ನಮ್ಮ ಗೈಡ್ ಲಾನ್ ಎಂಬ ಹುಡುಗಿ ಇದನ್ನು ಮೂರು ರೀತಿಯಲ್ಲಿ ವಿವರಿಸಿದಳು. ನಮ್ಮವರು ಬಿಟಿಎಂ ಸಿಗ್ನಲ್ಲಿನಲ್ಲಿ ಕಲಿತ ವಿದ್ಯೆಯನ್ನೇ ನಂಬಿದರು. ಕೈ ಅಡ್ಡ ಹಿಡಿದು ಅರ್ಧ ಓಡಿದರು, ನಡುವೆ ನಿಂತರು, "ಬನ್ರೀ ವಾಪಸ್" ಎಂದು ಕೂಗಿಕೊಂಡು ಹಿಂದೆ ಓಡಿಬಂದರು. ಜೀವಮಾನದಲ್ಲಿ ಮೊದಲ ಸಲ ಹನೋಯ್‌ನ ಸ್ಕೂಟರಿನವರು ಬ್ರೇಕ್ ಹಾಕಿರಬೇಕು.

ಮಕ್ಕಳಿಗೆ ಸ್ನಾನ ಮಾಡಿಸುವಾಗ ನಾವು ಹಾಕಿಕೊಳ್ಳುವಂಥ ಕುಳ್ಳ ಪ್ಲಾಸ್ಟಿಕ್ ಸ್ಟೂಲುಗಳನ್ನು ಅಲ್ಲಿ ಫುಟ್‌ಪಾತಿನ ಮೇಲೆ ಹಾಕಿಕೊಂಡು ಕಾಫಿ ಕುಡಿಯುತ್ತಾರೆ. ಕಾಫಿ ಲೋಟದ ಮೇಲೆ ಕೂತ ಪುಟ್ಟ ಫಿಲ್ಟರಿನಿಂದ ತೊಟ್ಟು ತೊಟ್ಟಾಗಿ ಇಳಿಯುತ್ತದೆ. ಅದು ಇಳಿಯುವ ತನಕ ಯಾರಿಗೂ ಅವಸರವಿಲ್ಲ. ನಮ್ಮ ದರ್ಶಿನಿಯಲ್ಲಿ ಅಷ್ಟು ಹೊತ್ತಿಗೆ ಇಬ್ಬರು ಕುಡಿದು, ಮೂರನೆಯವನು ಸಕ್ಕರೆ ಕಡಿಮೆ ಎಂದು ಜಗಳವಾಡಿ ಹೋಗಿರುತ್ತಾನೆ. ನಮ್ಮ ಗುಂಪಿನ ಕಮಲಕ್ಕ ಆ ಸ್ಟೂಲಿನ ಮೇಲೆ ಕೂತುಬಿಟ್ಟರು. ಕೂತದ್ದು ಸುಲಭವಾಯಿತು, ಏಳಿಸಲು ಇಬ್ಬರು ಬೇಕಾದರು.

ಸಂಜೆ ಹೋಟೆಲಿನ ಕೆಳಗಡೆ ಸೋಫಾಗಳ ಮೇಲೆ ನನ್ನ ದರಬಾರು ಶುರುವಾಯಿತು. ಡಿಸ್ಕಿನ ಸುದ್ದಿ ಎಲ್ಲರಿಗೂ ತಲುಪಿತ್ತು. ಮಹದೇವಪ್ಪನವರ ಹಿಂದೆ ಫೋನು ಹಿಡಿದ ಸಾಲು. ಎಲ್ಲರ ಫೋನೂ ತುಂಬಿದೆ. ಏನಿಂದ ತುಂಬಿದೆ ಎಂದು ನೋಡಿದರೆ ಗುಲಾಬಿ ಹೂವು, ಸೂರ್ಯೋದಯ, ಶುಭ ಸೋಮವಾರ, ಶುಭ ಮಂಗಳವಾರ.

"ಇವನ್ನ ಅಳಿಸಿ, ಜಾಗ ಆಗುತ್ತೆ" ಎಂದೆ.

"ಅಯ್ಯೋ, ಅದು ನಮ್ ಬೀಗಿತ್ತಿ ಕಳ್ಸಿದ್ದು. ಅಳ್ಸಿದ್ರೆ ಅವ್ರಿಗೆ ಗೊತ್ತಾಗುತ್ತೆ" ಎಂದರು ಕಮಲಕ್ಕ.

ಗೊತ್ತಾಗುವುದಿಲ್ಲ ಎಂದು ಹೇಳಿ ಸೋತೆ. ಹೀಗಾಗಿ ಬೀಗಿತ್ತಿಯ ಗುಲಾಬಿ ಫೋನಿನಲ್ಲೇ ಉಳಿಯಿತು, ವಿಯೆಟ್ನಾಂ ಡಿಸ್ಕಿಗೆ ಬಂದು ಫೋನಿನಿಂದ ಅಳಿಸಿಹೋಯಿತು. ನನ್ನ ಲ್ಯಾಪ್‌ಟಾಪು ಮುದುಕಿ, ಅದರಲ್ಲಿ ಜಾಗವಿಲ್ಲ. ಹೋಟೆಲಿನ ವೈಫೈ ನಮ್ಮಷ್ಟು ಜನಕ್ಕೆ ಬಗ್ಗುವುದಿಲ್ಲ. ನಾನು ಗಂಟಲು ಹರಿದುಕೊಂಡು ಹೇಳಿದೆ: ಒಂದೇ ಕಡೆ ಇರುವುದನ್ನು ಇದೆ ಎಂದು ನಂಬಬೇಡಿ, ಎರಡು ಕಡೆ ಇರಲಿ, ಊರು ಮುಟ್ಟುವ ತನಕ ಫೋನಿನಲ್ಲೂ ಇರಲಿ. ಪೆಟ್ಟಿಗೆ, ಸ್ಪಂಜು ಎಲ್ಲ ಆಮೇಲಿನ ಮಾತು. ಒಬ್ಬರೂ ಕೇಳಲಿಲ್ಲ. ಮಹದೇವಪ್ಪನವರಿಗೆ ಪಾಪ ಬೇರೆ ದಾರಿಯೂ ಇರಲಿಲ್ಲ. ಅವರ ಫೋನಿನಲ್ಲಿ ಗುಲಾಬಿ ಇರಲಿಲ್ಲ, ಬೆಳಗಿನಿಂದ ಸಂಜೆ ತನಕ ತೆಗೆದ ವೀಡಿಯೊವೇ ತುಂಬಿತ್ತು. ಸ್ಕೂಟರು, ಕೆರೆ, ಹೂವಿನ ಗಾಡಿ, ಹೋಟೆಲಿನ ಲಿಫ್ಟು ಕೂಡ. ಎಲ್ಲದರಲ್ಲೂ ಅವರ ದನಿ: "ಗಿರಿಜಾ, ಇಲ್ನೋಡು."

ಮಾರನೆಯ ಬೆಳಿಗ್ಗೆ ತಿಂಡಿಗೆ ಬಂದಾಗ ಅವರು ಡಿಸ್ಕನ್ನು ಒಂದು ನಿಮಿಷ ಕೇಳಿದರು. ಕೊಟ್ಟೆ. ಉಪ್ಪಿಟ್ಟು ತಟ್ಟೆಗೆ ಹಾಕಿಸಿಕೊಂಡು ಬರುವಷ್ಟರಲ್ಲಿ ಅದರ ಮೇಲೆ ಮೂರು ಬೆರಳಿನ ವಿಭೂತಿ ಎಳೆದಾಗಿತ್ತು. ಆಯುಧಪೂಜೆಯ ದಿನ ಅಂಗಡಿಯ ತಕ್ಕಡಿಗೆ ಹಚ್ಚುವ ಹಾಗೆ, ಭಕ್ತಿಯಿಂದ, ನೀರಿನಲ್ಲಿ ಕಲಸಿ.

"ಸಾರ್, ವೈರ್ ಸಿಕ್ಕಿಸೋ ತೂತಿನೊಳಗೆ ಹೋಗಿದೆ!"

"ಏನಾಗಲ್ಲ ಮೇಡಂ, ಒಳ್ಳೇದೇ ಆಗುತ್ತೆ."

ನನ್ನ ಉಪ್ಪಿಟ್ಟು ಆರಿತು. ನಾನು ಹಲ್ಲುಕಡ್ಡಿಗೆ ಹತ್ತಿ ಸುತ್ತಿಕೊಂಡು ವಿಭೂತಿ ತೆಗೆಯುತ್ತಾ ಕೂತೆ.

ನಿನ್ ಬಿನ್

ನಿನ್ ಬಿನ್‌ನಲ್ಲಿ ಬಂಡೆಗಳ ನಡುವೆ ಒಂದು ನದಿ ಹರಿಯುತ್ತದೆ. ಎರಡು ಪಕ್ಕದಲ್ಲೂ ಭತ್ತದ ಗದ್ದೆ. ಸಣ್ಣ ಸಣ್ಣ ದೋಣಿಗಳಲ್ಲಿ ಕೂರಿಸಿಕೊಂಡು ಹೋಗುವವರು ಬಹುಪಾಲು ಹೆಂಗಸರು, ನಮ್ಮ ವಯಸ್ಸಿನವರೇ. ಅವರು ಹಿಂದಕ್ಕೆ ಒರಗಿ ಕೂತು, ಎರಡು ಕಾಲಿನಿಂದ ಹುಟ್ಟು ಹಾಕುತ್ತಾರೆ. ಸೈಕಲ್ ತುಳಿದ ಹಾಗೆ, ಹಿಮ್ಮಡಿಯಲ್ಲಿ ಒತ್ತಿ. ಕೈ ಖಾಲಿ. ನಮ್ಮ ದೋಣಿಯಾಕೆ ಆ ಖಾಲಿ ಕೈಯಲ್ಲಿ ಕಡಲೆಕಾಯಿ ಸುಲಿದು ತಿನ್ನುತ್ತಿದ್ದಳು. ನಾನು ಬಾಯಿ ತೆರೆದು ನೋಡಿದೆ. ಇಷ್ಟು ದೂರ ಬಂದದ್ದು ಸಾರ್ಥಕ ಎನಿಸಿದ್ದು ಆ ಹೊತ್ತಿನಲ್ಲಿ ಮಾತ್ರ.

ಆದರೆ ನೋಡಲು ಬಿಡಬೇಕಲ್ಲ. ನನ್ನ ದೋಣಿಯಲ್ಲಿ ಮುಂದೆ ಮಹದೇವಪ್ಪ. ಅವರು ಫೋನನ್ನು ಎರಡು ಕೈಯಲ್ಲಿ ಎತ್ತಿ ಹಿಡಿದು ಬಂಡೆಯ ತುದಿಯನ್ನೇ ತೆಗೆಯುತ್ತಿದ್ದರು.

"ಗಿರಿಜಾ, ಎಷ್ಟೆತ್ತರ ಇದೆ ನೋಡು. ಇಲ್ಲಿ ಗುಹೆ ಬರುತ್ತಂತೆ, ತೋರಿಸ್ತೀನಿ ತಾಳು."

"ಸಾರ್, ಹಿಂದೆ ತಿರುಗಿ ನೋಡಿ, ಆಕೆ ಕಾಲಲ್ಲಿ ಹುಟ್ಟು ಹಾಕ್ತಿದ್ದಾಳೆ" ಎಂದೆ.

"ಬರ್ಲಿ ಬರ್ಲಿ ಮೇಡಂ, ಅದೂ ಬರುತ್ತೆ ವೀಡಿಯೊದಲ್ಲಿ" ಎಂದು ತಿರುಗದೆಯೇ ಹೇಳಿದರು. ನಡುನಡುವೆ ಫೋನು ಇಳಿಸಿ ನನ್ನ ಮಡಿಲನ್ನು ನೋಡುತ್ತಿದ್ದರು. "ಡಿಸ್ಕು ನೀರಿನ ಕಡೆಗಿದೆ ಮೇಡಂ. ಸ್ವಲ್ಪ ಈಚೆ ಇಟ್ಕೊಳ್ಳಿ."

ನನ್ನ ಮಡಿಲಲ್ಲಿದ್ದದ್ದನ್ನು ಡಿಸ್ಕು ಎಂದು ಆ ಹೊತ್ತಿಗೆ ಯಾರೂ ಗುರುತಿಸುವ ಹಾಗಿರಲಿಲ್ಲ. ಅದಕ್ಕೆ ಕಾರಣ ಕಮಲಕ್ಕ. ಅವರ ಸೊಸೆಗೆ ದಿನ ತುಂಬಿತ್ತು. ಹುಟ್ಟಲಿರುವ ಮೊಮ್ಮಗುವಿಗೆ ಅವರು ವಿಮಾನದಲ್ಲಿ ಕೂತಾಗಿನಿಂದ ಹಳದಿ ಉಣ್ಣೆಯ ಕುಲಾವಿ ಹೆಣೆಯುತ್ತಿದ್ದರು. ಆ ದಿನ ಬೆಳಿಗ್ಗೆ ನನ್ನ ಗಟ್ಟಿ ಪೆಟ್ಟಿಗೆಯನ್ನು ಬೆರಳಿನಿಂದ ಕುಟ್ಟಿ ನೋಡಿದರು.

"ಇದು ಕಲ್ಲಿದ್ದಂಗಿದೆ. ಗಟ್ಟಿ ಇರೋದ್ರಲ್ಲಿ ಇಟ್ರೆ ಏಟು ಜಾಸ್ತಿ ಬೀಳಲ್ವಾ? ಮೆತ್ತಗಿರ್ಬೇಕು ಕಣ್ರೀ."

"ಕಮಲಕ್ಕ, ಅದರೊಳಗೆ ಸ್ಪಂಜಿದೆ."

"ಇರ್ಲಿ. ಕೂಸಿಗೆ ಬೇರೆ ಹೆಣೀತೀನಿ, ಇದಕ್ಕೆ ಇದು ಸರಿಯಾಗಿದೆ."

ಪೆಟ್ಟಿಗೆಯ ಸಮೇತ ಕುಲಾವಿಯೊಳಗೆ ಹಿಡಿಸಲಿಲ್ಲ. ಆದ್ದರಿಂದ ಪೆಟ್ಟಿಗೆ ತೆಗೆದು ಡಿಸ್ಕನ್ನು ಮಾತ್ರ ತೂರಿಸಿ ಗಲ್ಲದ ದಾರ ಕಟ್ಟಿಬಿಟ್ಟರು. ಬಿಟಿಎಂನಲ್ಲಿ ಬಾಡಿಗೆಗಿರುವ ಬಸವರಾಜ ಅಲ್ಲೇ ಇದ್ದ. ವಿಜಯಪುರದ ಕಡೆಯವನು, ತಾಯಿಯನ್ನು ಸುತ್ತಿಸಲು ರಜೆ ಹಾಕಿ ಬಂದಿದ್ದ. ಎಲ್ಲರಿಗೂ ಸಹಾಯ ಮಾಡುವ ಚಪಲ ಅವನಿಗೆ. "ಇಷ್ಟ ಸಾಲಂಗಿಲ್ರಿ ಮೇಡಮ್ಮಾರ, ನನ್ನ ಹತ್ರ ಟರ್ಕಿ ಟಾವೆಲ್ ಐತಿ" ಎಂದು ಅದನ್ನು ತಂದು ಸುತ್ತಿದ. ನಾನು ಬೇಡವೆಂದೆ. ಇನ್ನೊಬ್ಬರು ರಬ್ಬರ್ ಬ್ಯಾಂಡ್ ಹಾಕಿದರು. ಬೇಡವೆಂದೆ. ಪಾಠ ಹೇಳುವಾಗ ಕೊನೆಯ ಬೆಂಚಿನವರೂ ನನ್ನ ಮಾತು ಇಷ್ಟು ಕಡೆಗಣಿಸಿದ್ದಿಲ್ಲ. ಅಷ್ಟಕ್ಕೂ ಅವರೆಲ್ಲ ಮಾಡುತ್ತಿದ್ದುದು ಪ್ರೀತಿಯಿಂದ. ಪ್ರೀತಿಯಿಂದ ಮಾಡುವವರನ್ನು ಬೈಯುವುದು ಹೇಗೆ?

ದೋಣಿ ದಡ ಸೇರಿದಾಗ ಆ ಹೆಂಗಸು ನನ್ನ ಎದೆಗವಚಿದ ಗಂಟನ್ನು, ಅದರ ಸಂದಿಯಲ್ಲಿ ಕಾಣುತ್ತಿದ್ದ ಹಳದಿ ಕುಲಾವಿಯನ್ನು ನೋಡಿದಳು. ಎರಡು ಕೈ ಜೋಡಿಸಿ ತೊಟ್ಟಿಲು ತೂಗುವ ಹಾಗೆ ತೂಗಿ, ಹುಬ್ಬು ಎತ್ತಿದಳು. ಮಗು ಮಲಗಿದೆಯಾ ಎಂದು ಕೇಳುತ್ತಿದ್ದಾಳೆ ಎಂದು ಲಾನ್ ನಗುತ್ತಾ ಹೇಳಿದಳು. ಹೌದು, ಮಲಗಿದೆ ಎಂದು ತಲೆಯಾಡಿಸಿದೆ. ಇನ್ನೇನು ವಿವರಿಸಲಿ?

ಹಾಲಾಂಗ್ ದಾರಿಯಲ್ಲಿ

ನಿನ್ ಬಿನ್‌ನಿಂದ ಹಾಲಾಂಗ್ ಎಂಬ ಸಮುದ್ರದ ಊರಿಗೆ ಬಸ್ಸಿನಲ್ಲಿ ಹೊರಟೆವು. ರಸ್ತೆ ನುಣುಪು. ನಮ್ಮ ಜನಕ್ಕೆ ನಿದ್ದೆ ಬಂತು. ಬನ್ನೇರುಘಟ್ಟ ರಸ್ತೆಯಲ್ಲಿ ಯಾರಾದರೂ ನಿದ್ದೆ ಮಾಡಿದರೆ ಮುಂದಿನ ಹಳ್ಳವೇ ಎಬ್ಬಿಸುತ್ತದೆ. ಇಲ್ಲಿ ಎಬ್ಬಿಸುವವರಿಲ್ಲ.

ಬಸ್ಸು ಹತ್ತುವಾಗಲೇ ಕಮಲಕ್ಕ ಗಂಟಿನ ಮೇಲೆ ಇನ್ನೊಂದು ಪದರ ಹಾಕಿದ್ದರು. ಟವೆಲಿಗೆ ಕೊಳೆಯಾಗುತ್ತದೆಂದು ತಮ್ಮ ಮನೆಯಿಂದ ತಂದಿದ್ದ ಹೂವಿನ ದಿಂಬಿನ ಗವಸಿನೊಳಗೆ ಇಟ್ಟು ಬಾಯಿ ಮಡಿಸಿ ಪಿನ್ನು ಹಾಕಿದ್ದರು. ನನಗೆ ವಾದಿಸುವ ಶಕ್ತಿ ಉಳಿದಿರಲಿಲ್ಲ. ಪೆಟ್ಟಿಗೆಯನ್ನು ವಾಪಸ್ ಹಾಕಿಬಿಡೋಣ ಎಂದು ಎರಡು ಸಲ ಅಂದುಕೊಂಡೆ, ಹಾಲಾಂಗ್ ತಲುಪಿದ ಮೇಲೆ ಯಾರೂ ಇಲ್ಲದಾಗ ಹಾಕಿದರಾಯಿತು ಎಂದು ಬಿಟ್ಟೆ.

ದಾರಿಯಲ್ಲಿ ಒಂದು ದೊಡ್ಡ ಅಂಗಡಿಯ ಮುಂದೆ ಬಸ್ಸು ನಿಂತಿತು. ಮುತ್ತಿನ ಸರ, ಕಲ್ಲಿನ ಆನೆ, ಶೌಚಾಲಯ. ಲಾನ್ ಬಿಸಿಲಿಗೆ ಹೆದರಿ ತಲೆಯಿಂದ ಬೆರಳಿನ ತುದಿಯವರೆಗೆ ಮುಸುಕು ಹಾಕಿಕೊಂಡು ಇಳಿದಳು. ಅಲ್ಲಿಯ ಹೆಂಗಸರೆಲ್ಲ ಹಾಗೆಯೇ, ಮಧ್ಯಾಹ್ನ ಕಣ್ಣು ಮಾತ್ರ ಕಾಣುತ್ತದೆ. ಅಂಗಡಿಯ ಒಳಗೆ ಊಟ ಮುಗಿಸಿದ ಕೆಲಸದವರು ಮಡಿಸುವ ಮಂಚ ಹಾಕಿಕೊಂಡು ಸಾಲಾಗಿ ಮಲಗಿದ್ದರು. ಗಿರಾಕಿ ಬಂದರೂ ಯಾರೂ ಏಳಲಿಲ್ಲ, ಯಾರೂ ಏಳಿಸಲಿಲ್ಲ. ನನಗೆ ಹೊಟ್ಟೆಕಿಚ್ಚಾಯಿತು. ಗಂಟನ್ನು ನನ್ನ ಸೀಟಿನ ಮೇಲೆ ಇಟ್ಟು, ಶೌಚಾಲಯಕ್ಕೆ ಹೋಗಿ, ಒಂದು ಎಳನೀರು ಹಿಡಿದುಕೊಂಡು ಬರುತ್ತಿದ್ದೆ. ಗಂಟು ಕಟ್ಟಿದ ಮೇಲೆ ಅಷ್ಟು ಹೊತ್ತು ಮಾತ್ರ ಅದನ್ನು ಕೈ ಬಿಟ್ಟದ್ದು.

ಆಮೇಲೆ ಕೇಳಿ ತಿಳಿದದ್ದು ಇಷ್ಟು. ಮಹದೇವಪ್ಪ ಬಸ್ಸಿನಲ್ಲೇ ನಿದ್ದೆ ಹೋಗಿದ್ದರು. ಕುತ್ತಿಗೆ ಕಿಟಕಿಯ ಕಡೆ ವಾಲಿತ್ತು. ಬಸವರಾಜ ನೋಡಿ ಮರುಗಿದ. ನನ್ನ ಸೀಟಿನ ಮೇಲೆ ಹೂವಿನ ಗವಸಿನ ದಿಂಬು ಕಂಡಿತು. ಟವೆಲು ಸುತ್ತಿದ್ದು ಅವನಿಗೆ ಗೊತ್ತಿತ್ತು, ಗವಸು ಬಂದದ್ದು ಗೊತ್ತಿರಲಿಲ್ಲ. ತಂದು ಹಿರಿಯರ ಕುತ್ತಿಗೆಯ ಕೆಳಗೆ ಮೆತ್ತಗೆ ಇಟ್ಟು, ಕೈಕಾಲು ಆಡಿಸಲು ಬಸ್ಸಿನ ಬಾಗಿಲಲ್ಲಿ ಇಳಿದು ನಿಂತ.

ಮಹದೇವಪ್ಪನವರಿಗೆ ಎಚ್ಚರವಾದಾಗ ಕಿಟಕಿಯ ಆಚೆ ಗದ್ದೆಯ ಬದುವಿನ ಮೇಲೆ ಎಮ್ಮೆಯೊಂದು ನಡೆದು ಹೋಗುತ್ತಿತ್ತು, ಅದರ ಬೆನ್ನ ಮೇಲೆ ಬೆಳ್ಳಕ್ಕಿ ಕೂತಿತ್ತು. ಗಿರಿಜಮ್ಮನಿಗೆ ತೋರಿಸಲೇಬೇಕಾದ ಎಮ್ಮೆ. ಗಡಬಡಿಸಿ ಎದ್ದರು. ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ದಿಂಬು. ಗವಸಿನ ಸುದ್ದಿ ಅವರಿಗೂ ಗೊತ್ತಿರಲಿಲ್ಲ, ಇಂಥ ಉಪಕಾರ ಬಸವರಾಜನದೇ ಇರಬೇಕು ಅಂದುಕೊಂಡರು.

"ಬಸವರಾಜ, ಹಿಡ್ಕೊಳಪ್ಪ ನಿನ್ ದಿಂಬು!"

ನಾನು ಎಳನೀರು ಹಿಡಿದು ಬಸ್ಸಿನಿಂದ ಹತ್ತು ಮಾರು ದೂರದಲ್ಲಿದ್ದೆ. ಬಾಗಿಲಿನಿಂದ ಹೂವಿನ ಗವಸು ಹಾರಿ ಬಂತು. ಬಸವರಾಜ ಕೈ ಚಾಚಿದ, ಸಿಗಲಿಲ್ಲ. ಅದು ಕಾಂಕ್ರೀಟಿನ ಮೇಲೆ ಬಿತ್ತು. ಅಷ್ಟಕ್ಕೇ ನಿಂತಿದ್ದರೆ ಉಳಿಯುತ್ತಿತ್ತೇನೋ, ಅಷ್ಟು ಬಟ್ಟೆ ಇತ್ತು. ಬಸವರಾಜ ಅದನ್ನು ಎತ್ತಿದ. ಧೂಳಾಗಿತ್ತು. ದಿಂಬಿಗೆ ಧೂಳಾದರೆ ನಾವೆಲ್ಲ ಏನು ಮಾಡುತ್ತೇವೋ ಅದನ್ನೇ ಮಾಡಿದ. ಗವಸಿನ ತುದಿ ಹಿಡಿದು, ಬೀಸಿ, ಬಸ್ಸಿನ ಮೈಗೆ ಬಡಿದ. ಒಂದು ಸಲ. ನಾನು ಕಿರುಚಿದೆ. ನಾನೂ ಧೂಳಿನ ಬಗ್ಗೆಯೇ ಕಿರುಚುತ್ತಿದ್ದೇನೆ ಅಂದುಕೊಂಡು ಇನ್ನೊಂದು ಸಲ ಬಡಿದ.

ಆ ಹೊಡೆತಕ್ಕೆ ಟಣ್ ಎಂದು ಸದ್ದು ಬಂದಾಗ ಅವನ ಮುಖ ಬದಲಾಯಿತು.

"ಇದರಾಗ ಏನೈತ್ರಿ?" ಎಂದು ಕೇಳಿದ.

ಒಳಗೆ ಕಿಟಕಿಯಲ್ಲಿ ಮಹದೇವಪ್ಪನವರ ದನಿ ಕೇಳುತ್ತಿತ್ತು. "ಗಿರಿಜಾ, ಎಮ್ಮೆ ನೋಡು. ನಮ್ ಕಡೇದರ ತರಾನೇ ಇದೆ."

ಹಾಲಾಂಗ್

ಸಂಜೆ ಹೋಟೆಲಿನಲ್ಲಿ ಎಲ್ಲರೂ ಸುತ್ತ ನಿಂತಿರುವಾಗ ಪದರ ಬಿಚ್ಚಿದೆ. ಗವಸು, ಟವೆಲು, ರಬ್ಬರ್ ಬ್ಯಾಂಡು, ಕುಲಾವಿ. ಡಿಸ್ಕಿನ ಮೂಲೆ ಒಂದಿಷ್ಟು ತಗ್ಗಾಗಿತ್ತು. ಲ್ಯಾಪ್‌ಟಾಪಿಗೆ ಸಿಕ್ಕಿಸಿದೆ. ಟಿಕ್, ಟಿಕ್, ಟಿಕ್ ಎಂದಿತು, ನಿಂತಿತು, ಮತ್ತೆ ಟಿಕ್ ಎಂದಿತು. ಆ ಸದ್ದಿನ ಅರ್ಥ ನನಗೆ ಗೊತ್ತು. ತಕ್ಷಣ ತಂತಿ ಕಿತ್ತೆ. ಸಿಕ್ಕಿಸಿದಷ್ಟು ಸಲ ಒಳಗಿನ ಕಡ್ಡಿ ತಟ್ಟೆಯನ್ನು ಇನ್ನಷ್ಟು ಗೀರುತ್ತದೆ.

ಇನ್ನು ಶುರುವಾಯಿತು ಸಲಹೆ. ಇನ್ನೊಂದ್ಸಲ ಸಿಕ್ಕಿಸಿ ನೋಡಿ. ತಲೆಕೆಳಗು ಮಾಡಿ ಸಿಕ್ಕಿಸಿ. ಫ್ರಿಜ್ಜಿನಲ್ಲಿಡಿ. ಮೆಲ್ಲಗೆ ಒಂದೇಟು ಕೊಡಿ, ನಮ್ಮ ಹಳೆ ಟಿವಿ ಹಾಗೇ ಸರಿಹೋಗ್ತಿತ್ತು. ಬಸವರಾಜ ಮೂಲೆಯಲ್ಲಿ ನಿಂತು, "ತಪ್ಪಾತ್ರಿ, ನಂದ ತಪ್ಪು" ಎಂದು ಒಬ್ಬೊಬ್ಬರಿಗೂ ಹೇಳುತ್ತಿದ್ದ. ನಾನು ಬಾಗಿಲು ಹಾಕಿಕೊಂಡು ಮಲಗಿದೆ. ಬೆಳಿಗ್ಗೆ ಸ್ನಾನ ಮುಗಿಸಿ ಬಂದು ನೋಡಿದರೆ ಡಿಸ್ಕು ಮೇಜಿನ ಮೇಲಿಲ್ಲ. ಕಮಲಕ್ಕ ನನ್ನ ರೂಮಿನ ಜೊತೆಗಾತಿ. ನಾನು ಸ್ನಾನಕ್ಕೆ ಹೋದಾಗ ತೆಗೆದುಕೊಂಡು ಹೋಗಿ ಅಡುಗೆಯವರ ಅಕ್ಕಿಯ ಡಬ್ಬದಲ್ಲಿ ಹೂತಿದ್ದರು.

"ನೀರಲ್ಲಿ ಬಿದ್ದ ಫೋನನ್ನ ಅಕ್ಕೀಲಿ ಇಡ್ತಾರೆ ಅಂತ ನೀವೇ ಹೇಳಿದ್ರಿ."

"ಕಮಲಕ್ಕ, ಇದು ನೀರಿಗೆ ಬಿದ್ದದ್ದಲ್ಲ!"

"ಇರ್ಲಿ ಬಿಡಿ, ತೊಂದ್ರೆ ಏನಿಲ್ವಲ್ಲ."

ಆ ಅಕ್ಕಿಯಲ್ಲೇ ಮಧ್ಯಾಹ್ನ ಚಿತ್ರಾನ್ನವಾಯಿತು. ಉಳಿದವರು ತಮ್ಮ ಫೋಟೊ ಹೋಯಿತೆಂದು ಒಂದು ಹೊತ್ತು ಗೊಣಗಿದರು, ಚಿತ್ರಾನ್ನ ತಿಂದರು, ಹೊಸ ಫೋಟೊ ತೆಗೆಯಲು ಎದ್ದರು. ಬೀಗಿತ್ತಿಯ ಗುಲಾಬಿಗಳು ಸುಖವಾಗಿದ್ದವು. ನನಗೆ ಸಿಟ್ಟು ಬಂದದ್ದು ಅದಕ್ಕೆ. ನಿಜವಾಗಿ ಕಳೆದುಕೊಂಡವರು ಮಹದೇವಪ್ಪ ಒಬ್ಬರೇ.

ಹಾಲಾಂಗ್‌ನಲ್ಲಿ ಸಮುದ್ರದ ನಡುವೆ ಸಾವಿರಾರು ಹಸಿರು ಗುಡ್ಡಗಳು ನೀರಿನಿಂದ ಎದ್ದು ನಿಂತಿವೆ. ಹಡಗಿನಲ್ಲಿ ಅವುಗಳ ಸಂದಿಯಲ್ಲಿ ಸುತ್ತಿಸುತ್ತಾರೆ. ಎಲ್ಲರೂ ಮೇಲಿನ ಡೆಕ್ಕಿಗೆ ಹತ್ತಿದರು. ಮಹದೇವಪ್ಪ ಕೆಳಗೆ ಊಟದ ಮೇಜಿನ ಹತ್ತಿರ, ಕಿಟಕಿಗೆ ಬೆನ್ನು ಮಾಡಿ ಕೂತಿದ್ದರು. ಫೋನು ಜುಬ್ಬದ ಜೇಬಿನಲ್ಲಿತ್ತು.

"ಮೇಲೆ ಬನ್ನಿ ಸಾರ್. ಇಷ್ಟು ದೂರ ಬಂದು ಗೋಡೆ ನೋಡ್ತಾ ಕೂತಿದೀರಲ್ಲ" ಎಂದೆ. ಸಮಾಧಾನ ಹೇಳಲು ಹೋದವಳು ಗದರಿಸಿಯೇಬಿಟ್ಟೆ.

"ನಾನೊಬ್ನೇ ನೋಡಿ ಏನ್ ಮಾಡ್ಲಿ ಮೇಡಂ?"

"ಇವತ್ತಿಂದ ಮತ್ತೆ ತೆಗೀರಿ. ಫೋನಲ್ಲೇ ಇರ್ಲಿ, ನಾನು ಮುಟ್ಟಲ್ಲ."

"ಅರ್ಧ ತೋರಿಸಿದ್ರೆ ಅವಳಿಗೆ ಇನ್ನೂ ಬೇಜಾರು." ಜೇಬಿನ ಫೋನನ್ನು ಮುಟ್ಟಿಕೊಂಡು ಕೇಳಿದರು, "ಎಸ್ದಿದ್ದು ನಾನೇ ಅಲ್ವಾ?"

ಇಲ್ಲ ಎನ್ನಬಹುದಿತ್ತು. ಬಡಿದದ್ದು ಬಸವರಾಜ, ಗವಸು ಹಾಕಿದ್ದು ಕಮಲಕ್ಕ, ಸೀಟಿನ ಮೇಲೆ ಬಿಟ್ಟು ಹೋದದ್ದು ನಾನು. ಇದೆಲ್ಲ ಹೇಳಿದೆ. ಅವರು ಕೇಳಿಸಿಕೊಂಡ ಹಾಗೆ ಕಾಣಲಿಲ್ಲ. ನಾನೂ ಮೇಲೆ ಹೋಗಲಿಲ್ಲ. ನಾವಿಬ್ಬರೂ ಜಗತ್ಪ್ರಸಿದ್ಧ ಕೊಲ್ಲಿಯಲ್ಲಿ ಒಂದು ಉಪ್ಪಿನಕಾಯಿ ಜಾಡಿಯನ್ನು ನೋಡುತ್ತಾ ಕೂತೆವು.

ಬನಶಂಕರಿ

ಊರಿಗೆ ಬಂದ ಮೇಲೆ ಕೆಟ್ಟ ಡಿಸ್ಕಿನಿಂದ ಫೈಲು ತೆಗೆದುಕೊಡುವವರ ಹತ್ತಿರ ಹೋದೆ. ಅವರು ಬಿಚ್ಚಿ ನೋಡಿ, ತಟ್ಟೆಯ ತುಂಬ ಗೀರು, ಏನೂ ಬರುವುದಿಲ್ಲ ಎಂದು ಕೈ ಎತ್ತಿದರು. ಮಹದೇವಪ್ಪನವರಿಗೆ ಫೋನು ಮಾಡಿ ಹೇಳಿದೆ. "ಗಿರಿಜಂಗೆ ನಾನ್ ಹೇಳ್ತೀನಿ" ಎಂದರು. ಹೇಳಲಿಲ್ಲ. ಮೇಡಂ ಹತ್ರ ಇದೆ, ಸರಿ ಮಾಡ್ತಿದಾರೆ ಎಂದು ದಿನ ತಳ್ಳಿದರು. ಕೊನೆಗೆ ಗಿರಿಜಮ್ಮನೇ ನನಗೆ ಫೋನು ಮಾಡಿದರು.

"ವಿಮಲಾ ಅವ್ರೇ, ಅದೇನ್ ಡಿಸ್ಕು ನಿಮ್ಮದು, ಇನ್ನೂ ರೆಡಿ ಆಗಿಲ್ವಂತೆ? ಮನೆಗೆ ಬನ್ನಿ, ಕಾಫಿ ಕುಡಿದ್ಹಂಗೂ ಆಗುತ್ತೆ."

ಮೈಯೆಲ್ಲ ಉರಿಯಿತು. ಒಬ್ಬ ಗಂಡಸಿಗೆ ಸ್ವಂತ ಹೆಂಡತಿಗೆ ಒಂದು ಮಾತು ಹೇಳುವ ಧೈರ್ಯವಿಲ್ಲ, ಅದಕ್ಕೂ ನಾನೇ ಬೇಕು. ಆಟೊ ಹತ್ತಿ ಹೋದೆ.

ಗಿರಿಜಮ್ಮ ಹಾಲಿನಲ್ಲಿ ಎತ್ತರದ ಕುರ್ಚಿಯ ಮೇಲೆ ಕೂತಿದ್ದರು. ಪಕ್ಕದಲ್ಲಿ ವಾಕರ್. ಬಡವಾಗಿದ್ದರು, ಆದರೆ ಕಣ್ಣು ಹಿಂದಿನ ಹಾಗೇ ಚುರುಕು. ತಂಗಿ ಕಾಫಿ ತಂದಿಟ್ಟರು. ಮಹದೇವಪ್ಪ ಬಾಗಿಲ ಹತ್ತಿರ ನಿಂತಿದ್ದರು, ಕೂರಲಿಲ್ಲ.

ಸುತ್ತಿ ಬಳಸಿ ಮಾತಾಡುವುದು ನನಗೆ ಬರುವುದಿಲ್ಲ. "ಡಿಸ್ಕು ಹಾಳಾಯ್ತು ಗಿರಿಜಮ್ನೋರೇ. ಏನೂ ಉಳಿದಿಲ್ಲ" ಎಂದೆ.

"ಮೇಡಂದು ತಪ್ಪಿಲ್ಲ" ಎಂದರು ಮಹದೇವಪ್ಪ. "ನಾನೇ ಎಸ್ದೆ. ದಿಂಬು ಅಂದ್ಕೊಂಡೆ."

ಆಕೆ ಇಬ್ಬರನ್ನೂ ನೋಡಿದರು. ಸಿಟ್ಟಾಗಲಿಲ್ಲ. "ಅಷ್ಟೇನಾ? ಹೋಗ್ಲಿ ಬಿಡಿ. ಬಾಯಲ್ ಹೇಳಿ. ಏನೇನ್ ನೋಡಿದ್ರಿ?"

ಮಹದೇವಪ್ಪ ಯೋಚಿಸಿದರು. "ದೋಣಿ ಇತ್ತು. ಕಾಲಲ್ಲಿ ಹುಟ್ಟು ಹಾಕ್ತಾರೆ."

"ಕಾಲಲ್ಲಾ? ಹೆಂಗೆ? ನಿಂತ್ಕೊಂಡಾ, ಕೂತ್ಕೊಂಡಾ?"

ಅವರು ನನ್ನ ಕಡೆ ನೋಡಿದರು. ನಾನು ಬೇಕೆಂದೇ ಕಾಫಿ ಕುಡಿಯುತ್ತಾ ಕೂತೆ.

"ನೀರು ಯಾವ್ ಬಣ್ಣ ಇತ್ತು?"

"ಅದು..." ಎಂದರು, "ಅದು ವೀಡಿಯೊದಲ್ಲಿತ್ತು."

ಕಾಫಿ ಲೋಟ ಕೆಳಗಿಟ್ಟೆ. ತಡೆಯಲಾಗಲಿಲ್ಲ. ಕುರ್ಚಿಯಲ್ಲಿ ಹಿಂದಕ್ಕೆ ಒರಗಿ, ಸೀರೆ ಮೇಲೆತ್ತಿಕೊಂಡು, ಎರಡು ಹಿಮ್ಮಡಿಯಲ್ಲಿ ಗಾಳಿಯನ್ನು ತುಳಿದು ತೋರಿಸಿದೆ. ಹೀಗೆ ಹುಟ್ಟು ಹಾಕುತ್ತಾ ಕಡಲೆಕಾಯಿ ಸುಲಿದು ತಿನ್ನುತ್ತಿದ್ದಳು ಎಂದೆ. ನೀರು ಹಸಿರು, ಪಾಚಿ ಹಸಿರಲ್ಲ, ವೀಳ್ಯದೆಲೆ ಹಸಿರು ಎಂದೆ. ಗಿರಿಜಮ್ಮ ಜೋರಾಗಿ ನಕ್ಕರು, ತಂಗಿಯೂ ನಕ್ಕರು. ನಗುತ್ತಾ ಇದ್ದ ಹಾಗೆ ಗಿರಿಜಮ್ಮನ ಮುಖ ಕೆಂಪಾಯಿತು.

"ವೀಡಿಯೊ ಮಾಡ್ಕೊಂಡ್ ಬನ್ನಿ ಅಂತ ನಾನ್ ಯಾವತ್ ಹೇಳ್ದೆ ನಿಮ್ಗೆ?" ಎಂದು ಗಂಡನನ್ನು ಕೇಳಿದರು. "ಹೋಗ್ಬನ್ನಿ ಅಂದೆ. ನೋಡ್ಕೊಂಡ್ ಬನ್ನಿ ಅಂದೆ. ಇಲ್ ಕೂತ್ಕೊಂಡು ಟಿವೀಲಿ ನೋಡೋಕೆ ಇಷ್ಟು ಜನಾನ ಯಾಕ್ ಒಟ್ಟುಗೂಡಿಸ್ತಿದ್ದೆ?"

"ನಿಂಗೋಸ್ಕರ ಅಂತ..."

"ನಂಗೆ ಹೋಗ್ಬೇಕಿತ್ತು ರೀ. ಅದನ್ನ ಯಾರೂ ಕೇಳ್ಲಿಲ್ಲ. ಎಲ್ರೂ ಬಂದು ಡಿಸ್ಕು, ಡಿಸ್ಕು ಅಂದ್ರಿ. ಡಿಸ್ಕಲ್ಲಿ ಹಾಕ್ಕೊಂಡ್ ಬಂದ್ರೆ ನಾನು ಹೋದಂಗಾಯ್ತಾ?"

ಅಷ್ಟು ಪದರ ಸುತ್ತಿ, ಎದೆಗವಚಿಕೊಂಡು ಓಡಾಡಿದ ನಮ್ಮಲ್ಲಿ ಒಬ್ಬರಿಗೂ ಈ ಪ್ರಶ್ನೆ ಹೊಳೆದಿರಲಿಲ್ಲ. ನನಗೆ ನಾಚಿಕೆಯಾಯಿತು. ಮಹದೇವಪ್ಪ ಬಂದು ಆಕೆಯ ಪಕ್ಕದ ಕುರ್ಚಿಯಲ್ಲಿ ಕೂತರು.

ಗಿರಿಜಮ್ಮ ಸೆರಗಿನಿಂದ ಮುಖ ಒರೆಸಿಕೊಂಡರು. "ನನ್ ಪಾಸ್‌ಪೋರ್ಟ್ ತಗೊಂಡ್ ಬನ್ನಿ" ಎಂದರು.

ಮಹದೇವಪ್ಪ ಒಳಗೆ ಹೋದರು. ಬೀರು ತೆಗೆದ ಸದ್ದು, ಖಾನೆ ಎಳೆದ ಸದ್ದು. "ಎಲ್ಲಿಟ್ಟಿದ್ದೀಯಾ?"

"ಮೇಲಿನ್ ಖಾನೆ. ರೇಷ್ಮೆ ಸೀರೆ ಕೆಳಗೆ. ಎಡಕ್ಕೆ ರೀ, ಎಡಕ್ಕೆ."

ತಂದುಕೊಟ್ಟರು. ಗಿರಿಜಮ್ಮ ಮೊದಲು ತಮ್ಮ ಫೋಟೊ ನೋಡಿದರು. ಆಮೇಲೆ ಒಂದೊಂದೇ ಹಾಳೆ ತಿರುವಿದರು, ಕೊನೆಯ ತನಕ. ಎಲ್ಲ ಹಾಳೆಗಳೂ ಖಾಲಿ.

"ಡಾಕ್ಟ್ರಿಗೆ ಫೋನ್ ಮಾಡಿ" ಎಂದು ಗಂಡನಿಗೆ ಹೇಳಿದರು. "ಯಾವಾಗ್ ವಿಮಾನ ಹತ್ಬೋದು ಅಂತ ಕೇಳಿ. ಇದ್ರಲ್ಲಿ ನಂಗೆ ಒಂದ್ ಮುದ್ರೆಯಾದ್ರೂ ಬೀಳ್ಬೇಕು."